ದಂಡೆಯಿಂದಲೇ ದೊಡ್ಡ ಕೊರಮೀನು: ತುಂಗಭದ್ರೆಯಲ್ಲಿ ಗಾಳ ಹಾಕುವವರಿಗೆ

ಹರಿಗೋಲು ಇಲ್ಲದೆ ದೊಡ್ಡ ಕೊರಮೀನು ಸಿಗುತ್ತಾ? ಸಿರುಗುಪ್ಪದವರೂ ಇದನ್ನೇ ಕೇಳುತ್ತಾರೆ, ಗಂಗಾವತಿಯವರೂ, ಮಾನ್ವಿಯವರೂ. ಎಲ್ಲರ ಅನುಭವ ಹೆಚ್ಚುಕಡಿಮೆ ಒಂದೇ. ಭಾನುವಾರ ಹೊಳೆಗೆ ಹೋಗುತ್ತಾರೆ. ದಂಡೆಯ ತುದಿಗೆ ನಿಂತು ಕೈಲಾದಷ್ಟು ದೂರ ಎಸೆಯುತ್ತಾರೆ. ಮಧ್ಯಾಹ್ನಕ್ಕೆ ನಾಲ್ಕು ಜಿಲೇಬಿ ಮೀನು ಹಿಡಿದು ಮನೆಗೆ ಬರುತ್ತಾರೆ. ದೊಡ್ಡವೆಲ್ಲ ಹೊಳೆ ನಡುವೆ ಇವೆ, ನಮಗೆ ಎಟುಕಲ್ಲ ಅಂದುಕೊಳ್ಳುತ್ತಾರೆ.

ಖಂಡಿತ ಎಟುಕುತ್ತವೆ. ಕೊರಮೀನು ನಡುನೀರಿನ ಮೀನಲ್ಲ, ಅಂಚಿನ ಮೀನು. ದಂಡೆಯಿಂದ ಹತ್ತು ಅಡಿ ಒಳಗೆ, ಜೊಂಡಿನ ನೆರಳಲ್ಲಿ, ಎಷ್ಟೋ ಸಲ ನೀವು ನಿಂತ ಜಾಗದ ಕೆಳಗೇ ಮಲಗಿರುತ್ತದೆ. ಅದನ್ನು ನಾವೇ ಕಾಲು ಸದ್ದು ಮಾಡಿ ಓಡಿಸಿ, ಆಮೇಲೆ ಖಾಲಿ ನೀರಿಗೆ ಗಾಳ ಹಾಕುತ್ತೇವೆ. ಈ ಲೇಖನದಲ್ಲಿ ಹೆಚ್ಚಿನ ಮಾತು ಇದೊಂದು ತಪ್ಪನ್ನು ತಿದ್ದುವುದರ ಬಗ್ಗೆಯೇ.

ಮೊದಲು ಯಾವ ಮೀನು ಅಂತ ಸ್ಪಷ್ಟ ಮಾಡಿಬಿಡುತ್ತೇನೆ. ಕೊರಮೀನು, ಮುರಲು, ಮುರ್ರೆಲ್ ಅಂತೆಲ್ಲ ಕರೆಯುವುದು ಒಂದೇ ಬಳಗದ ಮೀನುಗಳನ್ನು. ಹಾವಿನಂಥ ತಲೆ, ಉರುಟು ಮೈ, ಬಾಯಿ ತುಂಬ ಹಲ್ಲು. ಪಕ್ಕದ ತೆಲಂಗಾಣದಲ್ಲಿ ಇದು ರಾಜ್ಯದ ಮೀನು. ನಮ್ಮಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತವೆ. ಗದ್ದೆ, ಕೆರೆ, ಹಳ್ಳಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪಟ್ಟೆ ಇರುವ ಕೊರಮೀನು. ಇನ್ನೊಂದು ಹೊಳೆಯ ಆಳದ ಮಡುಗಳಲ್ಲಿ ಇರುವ ಹೂವಿನ ಮುರಲು. ಮರಿಯಾಗಿದ್ದಾಗ ಅದರ ಬಾಲದ ಬುಡದಲ್ಲಿ ಕಣ್ಣಿನಂಥ ಒಂದು ಚುಕ್ಕೆ ಇರುತ್ತದೆ. ಬೆಳೆದರೆ ಒಂದು ಮೀಟರ್ ಉದ್ದ ದಾಟುವುದು ಈ ಎರಡನೆಯದು.

ಎಲ್ಲಿ ಗಾಳ ಹಾಕಬಾರದು

ಇದು ಮೊದಲೇ ಗೊತ್ತಿರಲಿ. ಮುನಿರಾಬಾದ್ ಸೇತುವೆಯಿಂದ ಕಂಪ್ಲಿ ಸೇತುವೆಯವರೆಗೆ, ಸುಮಾರು 34 ಕಿಲೋಮೀಟರ್ ಹೊಳೆ, 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಆನೆಗೊಂದಿ, ಹಂಪಿಯ ನೀರೆಲ್ಲ ಅದರೊಳಗೇ ಬರುತ್ತದೆ. ಅಲ್ಲಿ ಮೀನು ನೀರುನಾಯಿಯ ಪಾಲು. ಗಾಳ ಹಿಡಿದು ಅಲ್ಲಿಗೆ ಹೋಗಬೇಡಿ. ಕಂಪ್ಲಿ ಸೇತುವೆ ದಾಟಿದ ಮೇಲೆ ಸಿರುಗುಪ್ಪದ ಕಡೆಗೆ, ಎಡದಂಡೆಯಲ್ಲಿ ಸಿಂಧನೂರು, ಮಾನ್ವಿ ಕಡೆಗೆ ಬೇಕಾದಷ್ಟು ನೀರಿದೆ.

ಕೆರೆ, ಜಲಾಶಯದ ಹಿನ್ನೀರುಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ. ಅವರನ್ನು ಕೇಳದೆ ಇಳಿದರೆ ಅದು ಅವರ ಅನ್ನಕ್ಕೆ ಕೈ ಹಾಕಿದ ಹಾಗೆ. ಹೊಳೆಗೆ ಲೈಸೆನ್ಸ್ ಬೇಕಾ, ಎಲ್ಲಿ ಹಾಕಬಹುದು ಅಂತ ನಿಮ್ಮ ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಅರ್ಧ ದಿನದ ಕೆಲಸ, ಆಮೇಲೆ ನೆಮ್ಮದಿ.

1. ಜಾಗ ನೋಡುವುದು

ಮೊದಲ ದಿನ ಗಾಳ ಬೇಡ. ಸುಮ್ನೆ ಹೋಗಿ ನೋಡಿಕೊಂಡು ಬನ್ನಿ.

ಕೊರಮೀನಿಗೆ ಕಿವಿರು ಇದ್ದರೂ ಅಷ್ಟೇ ಸಾಲದು. ಅದು ಆಗಾಗ ಮೇಲೆ ಬಂದು ಬಾಯಿಂದ ಗಾಳಿ ನುಂಗಲೇಬೇಕು. ಎಷ್ಟೇ ಜಾಣ ಮೀನಾದರೂ ಇದನ್ನು ತಪ್ಪಿಸಲಾಗದು. ಹಾಗಾಗಿ ನೆರಳಲ್ಲಿ ಕೂತು ಅರ್ಧ ಗಂಟೆ ನೀರನ್ನೇ ನೋಡಿ. ಸಣ್ಣ ಮೀನು ಮೇಲೆ ಬಂದರೆ ಟಪ್ ಅಂತ ಸದ್ದಾಗಿ ನೀರು ಚಿಮ್ಮುತ್ತದೆ. ದೊಡ್ಡದು ಹಾಗಲ್ಲ. ಮೂತಿಯ ತುದಿ ಮಾತ್ರ ನಿಧಾನಕ್ಕೆ ಏಳುತ್ತದೆ, ಪಾಚಿ ಒಂದಿಷ್ಟು ಅಲುಗುತ್ತದೆ, ಚುಳಕ್ ಅಂದ ಹಾಗೆ ಒಂದು ಮೆತ್ತನೆ ಸದ್ದು. ಆಮೇಲೆ ಅಗಲವಾದ ಒಂದು ಉಂಗುರ, ಅದರ ನಡುವೆ ಎರಡು ಮೂರು ಗುಳ್ಳೆ. ಆ ಜಾಗವನ್ನು ಗುರುತು ಇಟ್ಟುಕೊಳ್ಳಿ. ಸ್ವಲ್ಪ ಹೊತ್ತಾದ ಮೇಲೆ ಅಲ್ಲೇ ಆಸುಪಾಸಿನಲ್ಲಿ ಮತ್ತೆ ಏಳುತ್ತದೆ. ಎರಡು ಸಲ ಕಂಡಿತೆಂದರೆ ಅದರ ಮನೆ ಅಲ್ಲೇ ಇದೆ.

ಎಲ್ಲಿ ಹುಡುಕಬೇಕು? ನನ್ನ ಮೊದಲ ಆಯ್ಕೆ ಹಳ್ಳ ಬಂದು ಹೊಳೆ ಸೇರುವ ಬಾಯಿ. ನಮ್ಮ ಭಾಗದಲ್ಲಿ ಹಳ್ಳ ಅಂದರೆ ಬಹುಪಾಲು ಗದ್ದೆಯ ಬಸಿ ನೀರು. ಕಾಲುವೆಯಿಂದ ಗದ್ದೆಗೆ ಹರಿದ ನೀರು ಬಸಿದು ಹಳ್ಳಕ್ಕೆ ಬಂದು, ಅಲ್ಲಿಂದ ಹೊಳೆ ಸೇರುತ್ತದೆ. ಕೊಯ್ಲಿಗೆ ಮುಂಚೆ ಗದ್ದೆ ನೀರು ಹೊರಗೆ ಬಿಡುತ್ತಾರಲ್ಲ, ಆಗ ಅದರ ಜೊತೆ ಕಪ್ಪೆ, ಸೀಗಡಿ, ಸಣ್ಣ ಮೀನು ಎಲ್ಲ ಕೊಚ್ಚಿಕೊಂಡು ಬರುತ್ತವೆ. ಕೊರಮೀನು ಬಾಯಿಗೆ ಬರುವ ಊಟಕ್ಕೆ ಕಾಯುತ್ತಾ ಹಳ್ಳದ ಬಾಯಲ್ಲಿ ನಿಂತಿರುತ್ತದೆ. ಒಂದು ಎಚ್ಚರಿಕೆ: ಗದ್ದೆಗೆ ಎಣ್ಣೆ ಹೊಡೆದ ದಿನಗಳಲ್ಲಿ ಹಳ್ಳದ ಮೀನು ತಿನ್ನಬೇಡಿ. ಆ ನೀರಲ್ಲಿ ಕೀಟನಾಶಕ ಬಂದಿರುತ್ತದೆ.

ಎರಡನೆಯದು, ನೀರಿಗೆ ಬಾಗಿದ ಬಳ್ಳಾರಿ ಜಾಲಿ. ಪೊದೆಯ ಕೆಳಗಿನ ಕೊಂಬೆ ನೀರಲ್ಲಿ ಮುಳುಗಿ, ಅದಕ್ಕೆ ಕಸಕಡ್ಡಿ, ಅಂತರಗಂಗೆ ಸಿಕ್ಕಿಕೊಂಡು ಒಂದು ಚಪ್ಪರವೇ ಆಗಿರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ದೊಡ್ಡ ಮೀನು ಅದರ ಕೆಳಗೆ ಸೇರುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಅಲ್ಲಿಗೆ ಹೋಗಬೇಡಿ, ಜಾಲಿ ಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ಇಳಿಯುತ್ತದೆ. ಶೂ ಇರಲಿ.

ಬೇಸಿಗೆಯಲ್ಲಿ ಹೊಳೆ ತುಂಡು ತುಂಡಾದಾಗ ಬಂಡೆಗಳ ನಡುವೆ ಉಳಿಯುವ ಮಡುಗಳೂ ಒಳ್ಳೆಯವೇ. ಹೂವಿನ ಮುರಲು ಬೇಕೆನ್ನುವವರು ಅಲ್ಲೇ ಹುಡುಕಬೇಕು.

2. ಹೊತ್ತು ಮತ್ತು ದಂಡೆ

ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ. ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ಮುಂಚಿನವರೆಗೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮಾತ್ರ ಬೆಳಿಗ್ಗೆ ಅವಸರ ಬೇಡ, ಬಿಸಿಲು ನೀರಿಗೆ ಬಿದ್ದ ಮೇಲೆ ಹೋಗಿ.

ಹೊತ್ತಿನ ಜೊತೆ ದಂಡೆಯನ್ನೂ ಆರಿಸಬೇಕು, ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಅಣೆಕಟ್ಟು ದಾಟಿದ ಮೇಲೆ ತುಂಗಭದ್ರೆ ಹೆಚ್ಚುಕಡಿಮೆ ಈಶಾನ್ಯಕ್ಕೆ ಹರಿಯುತ್ತಾಳೆ. ಬೆಳಿಗ್ಗೆ ಬಳ್ಳಾರಿ ಕಡೆಯ ಬಲದಂಡೆಯಲ್ಲಿ ನಿಂತರೆ ಸೂರ್ಯ ನಿಮ್ಮ ಬೆನ್ನಿಗೆ, ನಿಮ್ಮ ಉದ್ದ ನೆರಳು ನೇರ ನೀರಿನ ಮೇಲೆ. ನೆರಳು ಬಿದ್ದ ಕಡೆ ಕೊರಮೀನು ನಿಲ್ಲುವುದಿಲ್ಲ. ಹಾಗಾಗಿ ಬೆಳಿಗ್ಗೆ ಕೊಪ್ಪಳ, ರಾಯಚೂರು ಕಡೆಯ ಎಡದಂಡೆ, ಸಂಜೆ ಬಲದಂಡೆ. ಹೊಳೆ ತಿರುಗಿದ ಕಡೆ ಲೆಕ್ಕ ಬದಲಾಗುತ್ತದೆ. ನಿಮ್ಮ ನೆರಳು ಎಲ್ಲಿ ಬೀಳುತ್ತದೆ ಅಂತ ಅಲ್ಲೇ ನೋಡಿಕೊಂಡರೆ ಸಾಕು.

3. ಸಾಮಾನು

ಆರೂವರೆಯಿಂದ ಏಳು ಅಡಿಯ ಗಟ್ಟಿ ರಾಡ್ ಸಾಕು. ಅಂಗಡಿಯಲ್ಲಿ ಮೀಡಿಯಂ ಹೆವಿ ಅಂತ ಕೇಳಿ. ಬುಡ ಗಟ್ಟಿ, ತುದಿ ಸ್ವಲ್ಪ ಬಾಗುವಂಥದು ಅಂತ ಅರ್ಥ. ರೀಲ್ 3000 ಅಥವಾ 4000 ಸೈಜಿನ ಸ್ಪಿನ್ನಿಂಗ್ ರೀಲ್.

ದುಡ್ಡು ಕಡಿಮೆ ಇದ್ದರೆ ರಾಡಿಗಿಂತ ಮೊದಲು ದಾರಕ್ಕೆ ಖರ್ಚು ಮಾಡಿ. ಸಾಧಾರಣ ನೈಲಾನ್ ದಾರ ಹಿಗ್ಗುತ್ತದೆ. ಜೊಂಡಿನೊಳಗಿಂದ ದೊಡ್ಡ ಮೀನನ್ನು ಎಳೆಯಲು ಹಿಗ್ಗದ ದಾರ ಬೇಕು. ಅದೇ ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ದಾರ. 40 ಪೌಂಡಿನದು ತೆಗೆದುಕೊಳ್ಳಿ. ಸುಮಾರು 18 ಕಿಲೋ ಭಾರದವರೆಗೆ ತಡೆಯುತ್ತದೆ ಅಂತ ಅದರ ಅರ್ಥ. ಮೀನು ಅಷ್ಟು ತೂಗಲ್ಲ ನಿಜ, ಆದರೆ ನೀವು ಮೀನಿನ ಜೊತೆ ಎರಡು ಕಿಲೋ ಪಾಚಿ, ಜೊಂಡನ್ನೂ ಎಳೆಯಬೇಕಲ್ವಾ.

ಎರೆಗೆ ರಬ್ಬರ್ ಕಪ್ಪೆ. ಅಂಗಡಿಯವರು ಫ್ರಾಗ್ ಅಂತಾರೆ. ಟೊಳ್ಳು ಮೈ, ಬೆನ್ನಿಗೆ ಅಂಟಿಕೊಂಡ ಎರಡು ಕೊಕ್ಕೆ. ಮೀನು ಕಚ್ಚಿ ಮೈ ಅಮುಕಿದಾಗ ಮಾತ್ರ ಕೊಕ್ಕೆ ಹೊರಗೆ ಬರುತ್ತದೆ, ಹಾಗಾಗಿ ಪಾಚಿಗೆ ಸಿಕ್ಕಿಕೊಳ್ಳುವುದಿಲ್ಲ. ಐದಾರು ಸೆಂಟಿಮೀಟರಿನದು ಸರಿ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಒಂದು ಕಪ್ಪು, ಒಂದು ಹಸಿರು ಇದ್ದರೆ ಆಯಿತು. ಹೊಸ ಕಪ್ಪೆಯ ಕೊಕ್ಕೆಗಳು ಮೈಗೆ ತೀರಾ ಒತ್ತಿಕೊಂಡಿರುತ್ತವೆ. ಇಕ್ಕಳದಿಂದ ಹಿಡಿದು ಎರಡನ್ನೂ ಒಂದು ಬೆಂಕಿಕಡ್ಡಿ ದಪ್ಪದಷ್ಟು ಹೊರಕ್ಕೆ ಬಗ್ಗಿಸಿ. ಜಾಸ್ತಿ ಬಗ್ಗಿಸಿದರೆ ಕಸ ಎಳೆಯುತ್ತದೆ.

ಜೀವಂತ ಕಪ್ಪೆ ಕಟ್ಟುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ಕೆಲವು ಜಾತಿಯ ಕಪ್ಪೆಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಗದ್ದೆಯ ಹುಳ ತಿನ್ನುವುದೂ ಅವೇ.

ಇಷ್ಟರ ಜೊತೆ ಉದ್ದ ಮೂತಿಯ ಇಕ್ಕಳ, ಹಿಡಿಕೆ ಉದ್ದ ಇರುವ ಕೈಬಲೆ, ಒಂದು ಗೋಣಿಚೀಲ. ಗಾಳದ ಸಾಮಾನು ಇಷ್ಟೇ.

4. ದಂಡೆಗೆ ಹೋಗುವುದು

ದೊಡ್ಡ ಮೀನು ತಪ್ಪಿಹೋಗುವುದು ಬಹುಪಾಲು ಇಲ್ಲೇ, ಇನ್ನೂ ಎಸೆಯುವ ಮೊದಲೇ. ಮೀನಿನ ಮೈ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ನೀರಿನ ಸಣ್ಣ ನಡುಕವೂ ಅದಕ್ಕೆ ಆ ಗೆರೆಯಿಂದ ಗೊತ್ತಾಗುತ್ತದೆ. ದಂಡೆಯ ಮಣ್ಣು ಹಸಿಯಾಗಿದ್ದಾಗ ನೀವು ಧಪ್ ಅಂತ ಕಾಲಿಟ್ಟರೆ ಆ ನಡುಕ ನೀರಿಗೆ ಹೋಗಿಯೇ ಹೋಗುತ್ತದೆ.

ಬೈಕನ್ನು ದೂರವೇ ನಿಲ್ಲಿಸಿ. ಸ್ಟ್ಯಾಂಡ್ ಹಾಕುವ ಸದ್ದೂ ಬೇಡ. ನೀರಿಗೆ ಹದಿನೈದು ಅಡಿ ಇರುವಾಗಲೇ ನಿಂತುಕೊಳ್ಳಿ. ಮೊದಲ ನಾಲ್ಕೈದು ಎಸೆತ ಅಲ್ಲಿಂದಲೇ, ಹುಲ್ಲಿನ ಮೇಲಿಂದ, ಹತ್ತಿರದ ಅಂಚಿಗೆ. ಅಂಚಿನಲ್ಲಿ ಏನೂ ಏಳದಿದ್ದರೆ ಮಾತ್ರ ಬಗ್ಗಿಕೊಂಡು ಮುಂದೆ ಹೋಗಿ. ಬಿಳಿ ಅಂಗಿ ಬೇಡ, ಮಾಸಿದ ಖಾಕಿ ಅಥವಾ ಹಸಿರು ಇರಲಿ. ಮೂರು ನಾಲ್ಕು ಜನ ಗುಂಪಾಗಿ ಹೋದರೆ ನೂರು ಹೆಜ್ಜೆ ಅಂತರ ಬಿಟ್ಟು ನಿಲ್ಲಿ. ಮಾತು ಕಡಿಮೆಯಾದರೆ ಒಳ್ಳೆಯದು, ಆದರೆ ಮಾತಿಗಿಂತ ಕಾಲಿನ ಸದ್ದೇ ಜಾಸ್ತಿ ಕೆಡಿಸುತ್ತದೆ.

ಎಸೆಯುವ ಮುಂಚೆ ಇನ್ನೊಂದು ಕೆಲಸ: ಮೀನು ಬಿದ್ದರೆ ಎಲ್ಲಿ ಎತ್ತುತ್ತೀರಿ ಅಂತ ಈಗಲೇ ನೋಡಿಕೊಳ್ಳಿ. ನಮ್ಮ ಹೊಳೆಯ ದಂಡೆ ಎಷ್ಟೋ ಕಡೆ ಆಳೆತ್ತರ ಕಡಿದಾಗಿದೆ. ಮೀನು ಕೊಸರುತ್ತಿರುವಾಗ ಇಳಿಯುವ ದಾರಿ ಹುಡುಕಲು ಆಗುವುದಿಲ್ಲ.

5. ಎಸೆತ

ಹೊಳೆಗೆ ಅಡ್ಡ ಎಸೆಯಬೇಡಿ, ದಂಡೆಯ ಉದ್ದಕ್ಕೆ ಎಸೆಯಿರಿ. ಅಡ್ಡ ಎಸೆದರೆ ನಿಮ್ಮ ಕಪ್ಪೆ ಮೂವತ್ತು ಅಡಿ ಖಾಲಿ ನೀರಲ್ಲಿ ಬಂದು ಕೊನೆಯ ಐದು ಅಡಿ ಮಾತ್ರ ಮೀನಿರುವ ಜಾಗದಲ್ಲಿ ಇರುತ್ತದೆ. ಉದ್ದಕ್ಕೆ ಎಸೆದರೆ ಪೂರ್ತಿ ದಾರಿ ಜೊಂಡಿನ ಅಂಚಿನಲ್ಲೇ ಬರುತ್ತದೆ.

ಗುಳ್ಳೆ ಕಂಡ ಜಾಗದ ಮೇಲೇ ಬೀಳಿಸಬಾರದು. ಅದರಾಚೆ ಆರೇಳು ಅಡಿ ದೂರ ಬೀಳಿಸಿ, ಆ ಜಾಗದ ಪಕ್ಕದಿಂದ ತನ್ನಿ. ಜೊಂಡಿನ ಮೇಲೆ ಬಿದ್ದರೆ ಇನ್ನೂ ಒಳ್ಳೆಯದು. ಬಿದ್ದ ಮೇಲೆ ಉಂಗುರಗಳು ಮಾಯವಾಗುವವರೆಗೆ ಅಲುಗಿಸಬೇಡಿ. ಆಮೇಲೆ ರಾಡಿನ ತುದಿಯಿಂದ ಎರಡು ಸಣ್ಣ ಜಗ್ಗು, ಒಂದು ನಿಲುಗಡೆ. ಮತ್ತೆ ಎರಡು ಜಗ್ಗು. ತಾವರೆ ಎಲೆ ಅಥವಾ ಪಾಚಿಯ ಅಂಚು ಬಂದಾಗ ಕಪ್ಪೆಯನ್ನು ಎಲೆಯ ತುದಿಯಲ್ಲಿ ಕೂರಿಸಿ ಐದು ಎಣಿಸಿ, ಆಮೇಲೆ ಮೆಲ್ಲಗೆ ನೀರಿಗೆ ಜಾರಿಸಿ. ಬಹಳ ಸಲ ಮೀನು ಹೊಡೆಯುವುದು ಆ ಜಾರಿದ ಗಳಿಗೆಯಲ್ಲೇ.

ಹತ್ತಿಪ್ಪತ್ತು ಎಸೆತಕ್ಕೊಮ್ಮೆ ಕಪ್ಪೆಯ ಮೈ ಹಿಂಡಿ, ಒಳಗೆ ಸೇರಿದ ನೀರು ತೆಗೆಯಿರಿ. ನೀರು ತುಂಬಿದ ಕಪ್ಪೆ ಹಿಂದುಗಡೆ ಮುಳುಗಿಕೊಂಡು ಬರುತ್ತದೆ, ಮೀನು ನಂಬುವುದಿಲ್ಲ.

6. ಹೊಡೆದಾಗ

ನೀರು ಸಿಡಿಯುತ್ತದೆ. ಎದೆ ಧಸಕ್ಕೆನ್ನುತ್ತದೆ, ಕೈ ತಾನಾಗಿಯೇ ರಾಡ್ ಎಳೆಯುತ್ತದೆ. ಕಪ್ಪೆ ಗಾಳಿಯಲ್ಲಿ ಹಾರಿ ನಿಮ್ಮ ಹಿಂದಿನ ಜಾಲಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗಾಳ ಹಾಕುವ ಎಲ್ಲರೂ ಮಾಡುವ ತಪ್ಪು ಇದು.

ಸದ್ದಿಗೆ ಎಳೆಯಬೇಡಿ, ಭಾರಕ್ಕೆ ಎಳೆಯಿರಿ. ಕೊರಮೀನು ಮೊದಲು ಹೊಡೆಯುತ್ತದೆ, ಆಮೇಲೆ ಬಾಯೊಳಗೆ ತಿರುಗಿಸಿಕೊಂಡು ಕೆಳಗೆ ಹೋಗುತ್ತದೆ. ನೀರು ಸಿಡಿದ ಕೂಡಲೇ ರಾಡಿನ ತುದಿಯನ್ನು ಮೀನಿನ ಕಡೆಗೆ ಬಗ್ಗಿಸಿ, ದಾರದ ಸಡಿಲ ಸುತ್ತಿಕೊಳ್ಳುತ್ತಾ ಒಂದು, ಎರಡು ಅಂತ ಎಣಿಸಿ. ದಾರ ಬಿಗಿಯಾಗಿ ಭಾರ ಕೈಗೆ ಗೊತ್ತಾದ ಮೇಲೆ ಜೋರಾಗಿ ಮೇಲಕ್ಕೆ ಎಳೆಯಿರಿ. ಮೆತ್ತಗೆ ಎಳೆದರೆ ನಾಟುವುದಿಲ್ಲ, ಅದರ ಬಾಯಿ ಗಟ್ಟಿ ಎಲುಬು. ತಪ್ಪಿದರೆ ಕಪ್ಪೆಯನ್ನು ಅಲ್ಲೇ ಬಿಟ್ಟು ಸುಮ್ಮನಿರಿ. ಕೊಕ್ಕೆ ತಾಗದ ಮೀನು ಎಷ್ಟೋ ಸಲ ಎರಡನೇ ಬಾರಿ ಬರುತ್ತದೆ.

7. ದಡಕ್ಕೆ ತರುವುದು

ರೀಲಿನಲ್ಲಿ ಡ್ರ್ಯಾಗ್ ಅಂತ ಒಂದು ತಿರುಪು ಇದೆ. ಮೀನು ಎಷ್ಟು ಬಲವಾಗಿ ಎಳೆದರೆ ದಾರ ಬಿಟ್ಟುಕೊಡಬೇಕು ಅಂತ ಅದರಲ್ಲಿ ಹೊಂದಿಸುತ್ತೇವೆ. ಬಯಲು ನೀರಲ್ಲಾದರೆ ಸಡಿಲ ಇಡಬಹುದು. ಜೊಂಡಿನ ಪಕ್ಕ ಹಾಗಲ್ಲ, ಬಿಗಿ ಇರಲಿ. ಮೊದಲ ಐದು ಸೆಕೆಂಡಿನಲ್ಲಿ ಅದರ ತಲೆಯನ್ನು ನಿಮ್ಮ ಕಡೆ ತಿರುಗಿಸಲೇಬೇಕು. ಬೇರಿನೊಳಗೆ ಹೊಕ್ಕರೆ ಕೈ ತಪ್ಪಿದ ಹಾಗೆಯೇ.

ದಾರ ಹಿಡಿದು ಮೀನನ್ನು ದಂಡೆಗೆ ಎತ್ತಬೇಡಿ. ಬ್ರೇಡ್ ಬೆರಳು ಕೊಯ್ಯುತ್ತದೆ, ಮೀನೂ ಕೊಸರಿ ಬೀಳುತ್ತದೆ. ಕೈಬಲೆ ಮೊದಲೇ ನೀರಲ್ಲಿ ಮುಳುಗಿಸಿಟ್ಟು, ಮೀನನ್ನು ಅದರ ಮೇಲೆ ತಂದು ಎತ್ತಿ. ಬಾಯೊಳಗೆ ಬೆರಳು ಹಾಕದೆ ಇಕ್ಕಳದಿಂದ ಕೊಕ್ಕೆ ತೆಗೆಯಿರಿ. ಮನೆಗೆ ಒಯ್ಯುವುದಾದರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಗಂಟೆಗಟ್ಟಲೆ ಜೀವಂತ ಇರುತ್ತದೆ. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಒಣ ಕೈ ಅದರ ಮೈಯ ಲೋಳೆ ಕಿತ್ತುಬಿಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಊಟಕ್ಕೆ ಒಂದು ಕಿಲೋ ಆಸುಪಾಸಿನದು ಒಯ್ಯಿರಿ, ತೀರಾ ದೊಡ್ಡದನ್ನು ಬಿಡಿ. ದೊಡ್ಡ ಹೆಣ್ಣು ಮೀನು ಹೆಚ್ಚು ಮೊಟ್ಟೆ ಇಡುತ್ತದೆ.

ಜೀವಕ್ಕೆ ಸಂಬಂಧಿಸಿದ್ದು

ಹೊಳೆಯ ನೀರು ಹೇಳದೆ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ಅಂಥದ್ದು ಆಗದಿದ್ದರೂ ಮಳೆಗಾಲದಲ್ಲಿ ನೀರು ಬಿಡುವುದು ಮಾಮೂಲು. ಜಲಾಶಯ ತುಂಬುತ್ತಿರುವ ದಿನಗಳಲ್ಲಿ ನಡುಗಡ್ಡೆ, ಬಂಡೆಗಳ ಮೇಲೆ ಹೋಗಿ ನಿಲ್ಲಬೇಡಿ. ನಿಮ್ಮ ಕಾಲ ಬಳಿ ನೀರಂಚಿಗೆ ಒಂದು ಕಲ್ಲು ಇಡಿ. ಅದು ಮುಳುಗಿದರೆ ಸಾಮಾನು ಕಟ್ಟಿಕೊಂಡು ಮೇಲೆ ಬನ್ನಿ.

ತುಂಗಭದ್ರೆಯಲ್ಲೂ ರಾಯಚೂರು ಕಡೆಯ ಕೃಷ್ಣೆಯಲ್ಲೂ ಮೊಸಳೆ ಇವೆ. ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಸಿಕ್ಕಿಕೊಂಡ ರಬ್ಬರ್ ಕಪ್ಪೆಗಾಗಿ ಅಂತೂ ಬೇಡವೇ ಬೇಡ, ದಾರ ಕತ್ತರಿಸಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಒಂದು ಹೆಜ್ಜೆಗೆ ಆಳು ಮುಳುಗುವಷ್ಟು ಇರುತ್ತವೆ. ಸಿಮೆಂಟ್ ಹಾಕಿದ ಕಾಲುವೆಯ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು. ಈಗಿನ ರಾಡ್‌ಗಳು ಕಾರ್ಬನ್‌ನವು, ಕರೆಂಟ್ ಹರಿಸುತ್ತವೆ. ಹೊಳೆ ದಂಡೆಯ ಉದ್ದಕ್ಕೂ ರೈತರ ಪಂಪ್‌ಸೆಟ್‌ಗಳಿವೆ, ಅವುಗಳ ತಂತಿ ಎಷ್ಟೋ ಕಡೆ ಜೋತುಬಿದ್ದಿರುತ್ತದೆ. ಎಸೆಯುವ ಮುಂಚೆ ತಲೆ ಎತ್ತಿ ನೋಡಿ. ಗುಡುಗು ಕೇಳಿದರೆ ರಾಡನ್ನು ನೆಲಕ್ಕೆ ಮಲಗಿಸಿ ದೂರ ಹೋಗಿ.

ಕೆಂಪು ಮರಿಗಳ ಗುಂಪು

ಮಳೆಗಾಲದಲ್ಲಿ ನೀರಿನ ಮೇಲೆ ಒಂದು ತಟ್ಟೆಯಷ್ಟು ಅಗಲ ಜಾಗ ಕುದಿಯುವ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ನೂರಾರು ಕೆಂಪು ಮರಿಗಳು ಒಟ್ಟಿಗೆ ಗಾಳಿ ಕುಡಿಯಲು ಮೇಲೆ ಬಂದಿರುತ್ತವೆ. ಒಮ್ಮೆಗೇ ಮುಳುಗುತ್ತವೆ, ಸ್ವಲ್ಪ ಮುಂದೆ ಮತ್ತೆ ಏಳುತ್ತವೆ. ಅವುಗಳ ಕೆಳಗೆ ತಂದೆತಾಯಿ ಮೀನು ಕಾವಲಿರುತ್ತವೆ.

ಅಲ್ಲಿಗೆ ಕಪ್ಪೆ ಎಸೆದರೆ ದೊಡ್ಡ ಮೀನು ಖಂಡಿತ ಹೊಡೆಯುತ್ತದೆ. ಹಸಿವಿಗಲ್ಲ, ಮರಿಗಳ ಹತ್ತಿರ ಬಂದದ್ದನ್ನು ಓಡಿಸಲು. ಅದಕ್ಕೇ ಇದು ಸುಲಭದ ದಾರಿ ಅಂತ ಹೇಳಿಕೊಡುವವರೂ ಇದ್ದಾರೆ. ಅವರ ಮಾತು ಕೇಳಬೇಡಿ. ಕಾವಲು ಹೋದ ಮೇಲೆ ಆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಎರಡು ವರ್ಷ ಬಿಟ್ಟು ಅದೇ ಮಡುವಿಗೆ ಹೋದರೆ ನಿಮಗೆ ಉಂಗುರವೂ ಕಾಣುವುದಿಲ್ಲ, ಗುಳ್ಳೆಯೂ ಕಾಣುವುದಿಲ್ಲ.

ಗೊತ್ತಿಲ್ಲದೆ ಎಸೆದು ಅಂಥ ಮೀನು ಬಿದ್ದರೆ ಫೋಟೋಗೆ ನಿಲ್ಲಬೇಡಿ. ನೀರಿನ ಅಂಚಿನಲ್ಲೇ ಕೊಕ್ಕೆ ಬಿಡಿಸಿ, ಹಿಡಿದ ಜಾಗದಲ್ಲೇ ಬಿಡಿ. ನೂರು ಹೆಜ್ಜೆ ಆಚೆ ಬಿಟ್ಟರೆ ಅದು ವಾಪಸ್ ಬರುವಷ್ಟರಲ್ಲಿ ತಡವಾಗಿರುತ್ತದೆ. ಬಿಟ್ಟ ಮೇಲೆ ಆ ದಂಡೆಯಿಂದ ಎದ್ದು ಬೇರೆ ಜಾಗಕ್ಕೆ ಹೋಗಿ.